ಒಂದು ಟಂಟಂ ಓಟಿನಿಂದ ಸೋತ ನಮ್ಮತ್ತಿ

ನಮ್ಮ ಕಡೆ ಚುನಾವಣೆ ಶುರುವಾಗುವುದನ್ನು ನೋಡಿದ್ದೇನೆ, ಮುಗಿಯುವುದನ್ನು ನೋಡಿಲ್ಲ. ಓಟು ಎಣಿಸಿ, ಮಾಲೆ ಹಾಕಿ, ಗುಲಾಲು ತೊಳೆದುಕೊಂಡು ಎಲ್ಲರೂ ಮನೆಗೆ ಹೋದ ಮೇಲೂ ಅದು ಓಣಿಯ ಯಾವುದಾದರೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತೇ ಇರುತ್ತದೆ. ನಮ್ಮನೆಯಲ್ಲಂತೂ ಅದು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಡುಗೆಮನೆಯಲ್ಲೇ ಕೂತಿತ್ತು.

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ನವಲಿ ಕಡೆಯ ನಮ್ಮೂರಿನ ಗ್ರಾಮ ಪಂಚಾಯ್ತಿಯಲ್ಲಿ ನಮ್ಮ ಓಣಿಯ ಸೀಟು ಹೆಣ್ಣುಮಕ್ಕಳಿಗೆ ಬಂತು. ಊರಿಗೆಲ್ಲ ಜಂಪರ್, ಅಂದರೆ ರವಿಕೆ, ಹೊಲಿದುಕೊಡುತ್ತಿದ್ದ ನಮ್ಮತ್ತಿ ನಿಂತರು. ಗುರುತು ಹೊಲಿಗೆ ಯಂತ್ರ. ಎದುರು ಮನೆಯಾಕೆಯೂ ನಿಂತರು, ಅಂದರೆ ಅವರ ಗಂಡ ಅವರನ್ನು ನಿಲ್ಲಿಸಿದರು. ಗುರುತು ಬಕೆಟ್. ಅತ್ತಿ ಸೋತರು. ಎಷ್ಟರಲ್ಲಿ ಅಂದರೆ, ಮೂರು ಗಾಲಿಯ ಒಂದು ಟಂಟಂ ಗಾಡಿಯಲ್ಲಿ ಒತ್ತಿ ಕೂಡಿಸಿದರೆ ಎಷ್ಟು ಜನ ಹಿಡಿಯುತ್ತಾರೋ ಅಷ್ಟೇ ಓಟಿನಲ್ಲಿ.

ಸೋತದ್ದಕ್ಕೆ ಅತ್ತಿ ಅಳಲಿಲ್ಲ. ಆದರೆ ಓಣಿಯಲ್ಲಿ ಪ್ರತಿಯೊಬ್ಬರೂ ನಮ್ಮ ಮನೆ ಚಹಾ ಕುಡಿದು, "ನಿನ್ನ ಬಿಟ್ಟು ಮತ್ಯಾರಿಗಿ ಹಾಕೂಣ ಅಕ್ಕಾ?" ಅಂದವರೇ. ಹಾಗಾದರೆ ಆ ಟಂಟಂನಲ್ಲಿ ಕೂತವರು ಯಾರು? ಹೆಪ್ಪು ಕೇಳಲು ಬಂದವಳಿಗೆ ಹೆಪ್ಪು ಕೊಡುತ್ತಾರೆ, ಆಕೆ ಹೊಸ್ತಿಲು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಇಕಿ ಹಾಕಿದ್ಲೋ ಇಲ್ಲೋ?" ಅನ್ನುತ್ತಾರೆ. ಯಾರನ್ನೂ ಬಾಯಿಬಿಟ್ಟು ಕೇಳಿದವರಲ್ಲ. ನಾನು ಅದೇ ವರ್ಷ ಸೊಸೆಯಾಗಿ ಬಂದವಳು. ಹೆಸರು ಇನ್ನೂ ತವರೂರು ಕುಷ್ಟಗಿಯ ಪಟ್ಟಿಯಲ್ಲೇ ಇದ್ದುದರಿಂದ, ಇಡೀ ಊರಲ್ಲಿ ಅನುಮಾನದಿಂದ ಪಾರಾದವಳು ನಾನೊಬ್ಬಳೇ.

ಈ ಕತೆಯನ್ನು ನಾನು ಪಾಠ ಮಾಡುವ ಕೊಪ್ಪಳದ ಕಾಲೇಜಿಗೆ ಅತಿಥಿಯಾಗಿ ಬಂದ ಬೆಂಗಳೂರಿನ ಒಬ್ಬ ತರುಣ ನಿರ್ದೇಶಕನಿಗೆ ಚಹಾ ಹೊತ್ತಿನಲ್ಲಿ ಹೇಳಿದೆ. ಅವನು ಚಹಾ ಅರ್ಧಕ್ಕೇ ಬಿಟ್ಟ. ಆರು ತಿಂಗಳಲ್ಲಿ ಲಾರಿ, ಲೈಟು, ಛತ್ರಿ ಸಮೇತ ನಮ್ಮೂರಿಗೆ ಬಂದ. ಆಗ ನಡೆದದ್ದನ್ನು ಬರೆಯಲು ಇಬ್ಬರ ಅಪ್ಪಣೆ ಪಡೆದಿದ್ದೇನೆ. ಮೂರನೆಯವರಿಗೆ ಹೇಳಿಲ್ಲ. ಅವರು ಪೇಪರಿನಲ್ಲಿ ಪೇಟೆ ಧಾರಣೆ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ಧೈರ್ಯ.

ಗೆದ್ದಾಕಿನ್ನ ಕರೀರಿ

ನಿರ್ದೇಶಕ ಬಂದು ಅತ್ತಿಯ ಕಾಲಿಗೆ ಬಿದ್ದ. "ಅಮ್ಮಾ, ನಿಮ್ಮ ಎಲೆಕ್ಷನ್ ಮೇಲೆ ಸಿನಿಮಾ ಮಾಡ್ತಾ ಇದೀವಿ."

ಅತ್ತಿ ಜಂಪರಿಗೆ ಹುಕ್ಕು ಹಚ್ಚುತ್ತಿದ್ದರು. ಸೂಜಿ ನಿಲ್ಲಿಸಲಿಲ್ಲ. "ಅದ್ರಾಗ ಕಡೀಕ ನಾ ಗೆಲ್ತೀನೋ ಸೋಲ್ತೀನೋ?"

"ನಡೆದದ್ದನ್ನೇ ತೋರಿಸ್ತೀವಿ ಅಮ್ಮಾ. ಸೋಲ್ತೀರಿ."

"ಒಮ್ಮಿ ಸೋತಿದ್ದು ಓಣಿಗಷ್ಟ ಗೊತ್ತಿತ್ತು. ಈಗ ಗಂಗಾವತಿ ಟಾಕೀಸಿನ್ಯಾಗೂ ಸೋಲಬೇಕೇನು? ಎದುರು ಮನ್ಯಾಗ ಅದಾಳಲ್ಲ ಗೆದ್ದಾಕಿ, ಆಕಿನ್ನ ಕರೀರಿ."

"ಗೆದ್ದವರ ಮೇಲೆ ಯಾರೂ ಸಿನಿಮಾ ಮಾಡಲ್ಲ ಅಮ್ಮಾ."

ಅತ್ತಿ ಹಲ್ಲಿನಿಂದ ದಾರ ಕಡಿದರು. "ಅಲ್ಲೋ ಯಪ್ಪಾ, ನಿನ್ನ ಸಿನಿಮಾದಾಗ ಯಾರ್ಯಾರು ನನಗ ಓಟು ಹಾಕ್ಲಿಲ್ಲ ಅಂತ ಗೊತ್ತಾಕ್ಕತೇನು?"

"ಅದು ಗೊತ್ತಾಗಲ್ಲ ಅಮ್ಮಾ. ಮತದಾನ ಗುಟ್ಟಲ್ವಾ?"

"ಮತ್ತ ಇಷ್ಟು ದೊಡ್ಡ ಕ್ಯಾಮೆರಾ ತಂದು ಏನ್ ಉಪಯೋಗ ಆತು?"

ಓಟು ಕೇಳುವ ಪಾಠ

ಅತ್ತಿಯ ಪಾತ್ರ ಮಾಡುವ ನಾಯಕಿಗೆ ನಮ್ಮ ಮಾತು ಕಲಿಸುವ ಕೆಲಸ ನನ್ನದು. ಹುಡುಗಿ ಚುರುಕು. ಎರಡು ವಾರದಲ್ಲಿ ನನಗಿಂತ ಚೆನ್ನಾಗಿ "ಯವ್ವಾ ಯವ್ವಾ" ಅನ್ನತೊಡಗಿದಳು. ಪ್ರಚಾರದ ದೃಶ್ಯದ ಹಿಂದಿನ ದಿನ ನಮ್ಮ ಪಡಸಾಲೆಯಲ್ಲಿ ನಿಂತು ಕೈಮುಗಿದು, ಕಣ್ಣಲ್ಲಿ ನೀರು ತಂದು, "ನಿಮ್ಮ ಮನೀ ಮಗಳಂತ ತಿಳಕೊಂಡು ಓಟು ಹಾಕ್ರಿ" ಎಂದು ಅಭಿನಯಿಸಿ ತೋರಿಸಿದಳು. ನಾನು ಚಪ್ಪಾಳೆ ಹೊಡೆದೆ.

ಅತ್ತಿ, "ನಾ ಯಾವತ್ತೂ ಹಿಂಗ ಕೇಳಿಲ್ಲವಾ," ಅಂದರು.

"ಮತ್ತೆ ಹೇಗೆ ಕೇಳಿದ್ರಿ ಅಮ್ಮಾ?"

"ಕೇಳ್ಲೇ ಇಲ್ಲ. ಮನಿಗಿ ಹೋಗಬೇಕು, ಕುಂದ್ರಬೇಕು. ಮಗಳ ಬಾಣಂತನ ಹೆಂಗಾತು ಅಂತ ಕೇಳಬೇಕು, ಎಮ್ಮಿ ಗಬ್ಬ ಐತೇನು ಅಂತ ಕೇಳಬೇಕು. ಕೊಟ್ಟಿದ್ದು ತಿನ್ನಬೇಕು. ಎದ್ದು ಹೊಂಟಾಗ ಹೊಸ್ತಿಲದಾಗ ಹೊಳ್ಳಿ ನಿಂತು, 'ಮತ್ತ... ನೆನಪಿರ್ಲಿ' ಅನಬೇಕು. ಅಷ್ಟ."

"ಓಟು ಅಂತ ಹೇಳೋದೇ ಬೇಡ್ವಾ?"

"ಓಟಿನ ಹೆಸರು ತಗದ್ರ ಅದಕ್ಕಂತ ಬಂದಾಳ ಅಂತಾರ."

ಹುಡುಗಿಗೆ ಇದು ಬಹಳ ಹಿಡಿಸಿತು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ, ಅತ್ತಿಯ ಹಳೆಯ ಸೀರೆ ಉಟ್ಟು ತಾಲೀಮಿಗೆಂದು ಓಣಿಗೆ ಇಳಿದಳು. ಮೊದಲ ಮನೆಯಲ್ಲಿ ಬಾಣಂತನ ವಿಚಾರಿಸಿದಳು, ಒಗ್ಗರಣೆ ಮಂಡಕ್ಕಿ ಬಂತು. ಎರಡನೆಯದರಲ್ಲಿ ಎಮ್ಮೆ ವಿಚಾರಿಸಿದಳು, ಗಿಣ್ಣ ಬಂತು. ಮುಂದೆ ಮಿರ್ಚಿ ಭಜಿ, ಆಮೇಲೆ ಶೇಂಗಾ ಹೋಳಿಗೆ, ಪ್ರತಿ ಮನೆಯಲ್ಲೂ ಚಹಾ. ಕೊಟ್ಟದ್ದು ತಿನ್ನಬೇಕು ಎಂಬ ಪಾಠವನ್ನು ಆಕೆ ಅಕ್ಷರಶಃ ಪಾಲಿಸಿದ್ದಳು. ಕ್ಯಾಮೆರಾ ಸಿದ್ಧವಾಗುವ ಹೊತ್ತಿಗೆ ನಾಯಕಿ ನಮ್ಮ ಪಡಸಾಲೆಯಲ್ಲಿ ಹೊಟ್ಟೆ ಹಿಡಿದು ಮಲಗಿದ್ದಳು. ಆ ದಿನದ ಶೂಟಿಂಗ್ ರದ್ದು.

ಅತ್ತಿ ಆಕೆಯ ಹೊಟ್ಟೆಗೆ ಹರಳೆಣ್ಣೆ ಹಚ್ಚುತ್ತಾ ನಿರ್ದೇಶಕನಿಗೆ ಹೇಳಿದರು: "ಭಾಳ ಛಲೋ ಮಾಡಾಕತ್ಯಾಳ ನೋಡು ಹುಡುಗಿ. ನನಗೂ ಆವಾಗ ಹಿಂಗ ಆಗಿತ್ತು."

ಚಾಚಾನ ಪಾಳಿ

ಊರಿಗೆ ಇದ್ದದ್ದು ಒಂದೇ ಮೈಕ್ ಸೆಟ್, ಅದು ಊರೆಲ್ಲ ಚಾಚಾ ಅನ್ನುವವರದು. ಮದುವೆ, ಉರುಸು, ಎಮ್ಮೆ ಕಳೆದುಹೋದದ್ದು, ಎಲ್ಲದಕ್ಕೂ ಅವರದೇ ಜೇನಿನಂಥ ದನಿ. ಚುನಾವಣೆಯಲ್ಲಿ ಇಬ್ಬರೂ ಅವರನ್ನೇ ಕರೆದಿದ್ದರು. ಯಾರಿಗೂ ಇಲ್ಲ ಅನ್ನಲಾಗದೆ ಚಾಚಾ ಒಂದು ಏರ್ಪಾಟು ಮಾಡಿಕೊಂಡಿದ್ದರು: ಮುಂಜಾನೆ ಹೊಲಿಗೆ ಯಂತ್ರ, ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮೇಲೆ ಬಕೆಟ್. ಅದೇ ಗಾಡಿ, ಅದೇ ಮೈಕು, ಬ್ಯಾನರ್ ಮಾತ್ರ ಬದಲು. ಇದರಲ್ಲಿ ಮೋಸವಿದೆ ಅಂತ ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಸಿನಿಮಾದಲ್ಲಿ ಚಾಚಾನ ಪಾತ್ರ ಚಾಚಾನೇ ಮಾಡಿದರು. ನಾಯಕಿ ಗಾಡಿಯಲ್ಲಿ ನಿಂತು ಕೈಬೀಸುತ್ತಾಳೆ, ಚಾಚಾ ಕೂಗುತ್ತಾರೆ. ಬೆಳಿಗ್ಗೆ ಅರ್ಧ ದೃಶ್ಯ ಸರಾಗವಾಗಿ ಆಯಿತು. ಊಟದ ಬಿಡುವು ಮುಗಿದು ಉಳಿದರ್ಧ ಶುರುವಾಯಿತು. ನಾಯಕಿ ಕೈಬೀಸಿದಳು. ಚಾಚಾ ಗಂಟಲು ಸರಿಪಡಿಸಿಕೊಂಡರು. "ಓಣಿಯ ತಾಯಂದಿರೇ, ನಿಮ್ಮ ಅಮೂಲ್ಯವಾದ ಮತವನ್ನು ಬಕೆಟ್ ಗುರುತಿಗೆ..."

"ಕಟ್! ಚಾಚಾ, ಇದು ಹೀರೋಯಿನ್ ಗಾಡಿ! ಹೊಲಿಗೆ ಯಂತ್ರ ಅನ್ನಿ!"

"ಊಟದ ಮ್ಯಾಲ ಬಕೆಟ್ಟಿನ ಪಾಳಿ, ಸಾಬ್."

"ಇದು ಸಿನಿಮಾ ಚಾಚಾ."

"ಸಿನಿಮಾ ಆದ್ರೇನ್ರಿ? ಇಮಾನ್ದಾರಿ ಅಂತ ಒಂದ ಐತಿಲ್ರೀ?"

ಕೊನೆಗೆ ಹೊಲಿಗೆ ಯಂತ್ರದ ದೃಶ್ಯಗಳನ್ನೆಲ್ಲ ಬೆಳಿಗ್ಗೆಯೇ ಇಟ್ಟುಕೊಳ್ಳಬೇಕಾಯಿತು. ಅಂದು ಸಂಜೆ ಅತ್ತಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರನ್ನು ಬಾಯಿಬಿಟ್ಟು ಕೇಳಿದರು: "ಚಾಚಾ, ಖರೇ ಹೇಳು. ಆವಾಗ ನೀ ಯಾರಿಗಿ ಹಾಕಿದಿ?"

ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಾ ಮುಂಜಾನಿನ ಹೋಗಿ ಹಾಕಿ ಬಂದ್ನೆಕ್ಕಾ."

ಅತ್ತಿ ಒಳಗೆ ಬಂದು ನನ್ನ ಕಿವಿಯಲ್ಲಿ, "ಟಂಟಂದಾಗಿಂದ ಒಬ್ಬಾವ ಇಳದ," ಅಂದರು.

ಬೈಗುಳದ ತಿದ್ದುಪಡಿ

ಎದುರು ಮನೆ ಯಜಮಾನರು ದಿನಾ ಮನೆಯಿಂದ ತಮ್ಮದೇ ಕುರ್ಚಿ ಹೊರಿಸಿಕೊಂಡು ಬಂದು ಕ್ಯಾಮೆರಾದ ಪಕ್ಕ ಹಾಕಿಸಿಕೊಳ್ಳುತ್ತಿದ್ದರು. ಸಿನಿಮಾದಲ್ಲಿ ಅವರ ಪಾತ್ರ ಖಳನದು. ಅವರು ಸಿಟ್ಟಾಗುತ್ತಾರೆಂದು ನಿರ್ದೇಶಕ ಹೆದರಿಕೊಂಡಿದ್ದ. ಸಿಟ್ಟಾದರು ನಿಜ. ಕಾರಣ ಬೇರೆ.

ಖಳನಟ ಮೀಸೆ ತಿರುವಿ, "ನನ್ನ ಹೆಂಡ್ತಿಗೆ ಓಟು ಹಾಕದೇ ಇದ್ರೆ ಊರಲ್ಲಿ ಇರೋಕೆ ಬಿಡಲ್ಲ!" ಎಂದು ಗುಡುಗಿದ. ಯಜಮಾನರು ಕುರ್ಚಿಯಿಂದ ಎದ್ದರು.

"ಏ, ನಿಂದ್ರಸ್ರಿ! ನಾ ಇಷ್ಟ ಬೈದ್ರ ಈ ಊರಾಗ ಯಾರ್ ಅಂಜತಿದ್ರು? ಹಿಂಗ ಬೈದ್ರ ನಮ್ಮ ಎತ್ತೂ ಕೇಳಂಗಿಲ್ಲ." ಎಂದವರೇ ಮುಂದೆ ಬಂದು ನಿಜವಾಗಿ ಹೇಗೆ ಬೈದಿದ್ದೆ ಎಂದು ತೋರಿಸಿದರು. ಶಬ್ದಗ್ರಾಹಕನ ಕಿವಿಯಿಂದ ಹೆಡ್‌ಫೋನ್ ಕಳಚಿ ಬಿತ್ತು. ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ, ಸಿನಿಮಾದಲ್ಲೂ ಹಾಕುವಂತಿರಲಿಲ್ಲ. ಆದರೆ ನಟ ಗೌರವದಿಂದ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡ.

"ಆ ಚುನಾವಣಿ ಗೆದ್ದಾವ ನಾನು," ಎಂದು ಯಜಮಾನರು ಎಲ್ಲರಿಗೂ ಹೇಳಿದರು. "ಓಣ್ಯಾಗ ಒಂದೊಂದು ಓಟು ಎಲ್ಲಿ ಬೀಳತೈತಿ ಅಂತ ನನಗ ಗೊತ್ತಿತ್ತು. ಒಂದೂ ತಪ್ಪಲಿಲ್ಲ."

ಅವರ ಹೆಂಡತಿ ತಂಬಿಗೆಯಲ್ಲಿ ಮಜ್ಜಿಗೆ ತಂದಿದ್ದರು. "ಹೌದ್ರೀ. ಅವರ ಗೆದ್ರು. ನಾ ಬರೇ ನಿಂತಿದ್ನಿ," ಅಂದರು, ಬಹಳ ಗಂಭೀರವಾಗಿ.

ಒಂದೇ ಓಣಿಯವರು

ಕತೆಗೆ ಒಂದು ಜಗಳ ಬೇಕೆಂದು ನಿರ್ದೇಶಕನ ಹಟ. ಬೋರಿನ ಹತ್ತಿರ ಇಬ್ಬರು ಅಭ್ಯರ್ಥಿಗಳು ಕೊಡ ಬಿಸಾಕಿ ಜಡೆ ಹಿಡಿದು ಹೊಡೆದಾಡುವ ದೃಶ್ಯ ಬರೆದುಕೊಂಡು ಬಂದಿದ್ದ. ಅತ್ತಿ ಮತ್ತು ಎದುರು ಮನೆಯಾಕೆ ಮುಖ ಮುಖ ನೋಡಿಕೊಂಡರು.

"ನಾವು ಯಾವಾಗ ಬಡದಾಡಿದ್ವಿ, ತಂಗೀ?"

"ನಮ್ಮನಿಯವರು ಮಾತಾಡಬ್ಯಾಡ ಅಂದಿದ್ರು ಖರೇ ಐತಕ್ಕಾ. ಹಿತ್ತಲ ಬಾಗಲದಿಂದ ಬಂದು ಮಸರು ಕೊಡಬ್ಯಾಡ ಅಂತೇನ್ ಅಂದಿರಲಿಲ್ಲ."

"ಎಣಿಕಿ ದಿನ ಇಕಿ ನನಗ ಕರಿಗಡಬು ಕಳಿಸಿದ್ಲು ನೋಡ್ರಿ," ಅತ್ತಿ ನಿರ್ದೇಶಕನಿಗೆ ವಿವರಿಸಿದರು. "ಗೆದ್ದಾಕಿ ಮನಿ ಕಡಬು ಹೆಂಗ್ ತಿನ್ನೂದು ಅಂತ ಬಿಟ್ಟಿದ್ದೆ. ಸಂಜಿಮುಂದ ಹಸಿವಾತು, ತಿಂದೆ."

ನಿರ್ದೇಶಕ ಕೈಮುಗಿದ. "ಅಮ್ಮಾ, ಕಡಬಿನಲ್ಲಿ ಡ್ರಾಮಾ ಇಲ್ಲ."

ಜಗಳ ಶುರುವಾಯಿತು. ನಟಿಯರಿಬ್ಬರೂ ಜೀವ ತುಂಬಿ ಹೊಡೆದಾಡಿದರು. ಕೊಡ ಉರುಳಿತು, ಬಳೆ ಒಡೆಯಿತು. ಕ್ಯಾಮೆರಾ ಓಡುತ್ತಿರುವಾಗಲೇ ಎಡಗಡೆಯಿಂದ ಅತ್ತಿ, ಬಲಗಡೆಯಿಂದ ಎದುರು ಮನೆಯಾಕೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನುಗ್ಗಿದರು. ಅತ್ತಿ ಬಕೆಟ್ಟಿನವಳನ್ನು ಹಿಡಿದೆಳೆದರು, ಎದುರು ಮನೆಯಾಕೆ ಹೊಲಿಗೆ ಯಂತ್ರದವಳನ್ನು ತಬ್ಬಿಕೊಂಡರು. "ಬಿಡ್ರೆವಾ, ಬಿಡ್ರಿ! ಒಂದ ಓಣ್ಯಾಗ ಇರೋರು! ನಾಳಿ ಮಾರಿ ಮಾರಿ ನೋಡೂದಿಲ್ಲೇನು?"

ಮೂರು ಸಲ ತೆಗೆದರು, ಮೂರು ಸಲವೂ ಬಿಡಿಸಿದರು. ಕೊನೆಗೆ ನಿರ್ದೇಶಕ ಜಗಳವನ್ನು ಬಿಟ್ಟು ಕಡಬು ಇಟ್ಟುಕೊಂಡ.

ಬಕೆಟ್ಟಿಗೆ ಬಿದ್ದ ಒಂದು ಓಟು

ಮತದಾನದ ದೃಶ್ಯಕ್ಕೆ ಊರಿನ ಶಾಲೆಯನ್ನು ಸಿಂಗರಿಸಿದರು. ಹಳೆಯ ಕಾಲದ ತಗಡಿನ ಪೆಟ್ಟಿಗೆ, ಎರಡೂ ಗುರುತು ಅಚ್ಚಾದ ಚೀಟಿಗಳು, ಒತ್ತಲು ಮುದ್ರೆ, ಎಲ್ಲ ಆಗಿನಂತೆಯೇ. ಊರಿನವರೇ ಮತದಾರರು. ಅತ್ತಿಗೆ ಬರಬೇಡಿರೆಂದು ನಾನೇ ಹೇಳಿದೆ. ನಾಳೆ ಎಣಿಕೆಯ ದೃಶ್ಯ, ಮತ್ತೆ ಸೋಲುವುದನ್ನು ಕೂತು ನೋಡಬೇಕು.

"ಓಟು ನಡದಾಗ ಮನ್ಯಾಗ ಕುಂದ್ರೂದು ಹೆಂಗ?" ಎಂದು ಹೊಸ ಸೀರೆ ಉಟ್ಟು ಸಾಲಿನ ಕೊನೆಯಲ್ಲಿ ನಿಂತರು. ಅವರ ಹಿಂದೆ ಎದುರು ಮನೆಯಾಕೆ. ಯಜಮಾನರು ಅಂದು ಪೇಟೆಗೆ ಹೋಗಿದ್ದರು.

"ಹೇಗಾದ್ರೂ ಒತ್ತಿ ಹಾಕಿ, ಒಳಗೆ ಕ್ಯಾಮೆರಾ ಇಲ್ಲ," ಎಂದು ನಿರ್ದೇಶಕ ಎಲ್ಲರಿಗೂ ಹೇಳಿದ. ಅಲ್ಲೇ ಅವನು ಕೆಟ್ಟದ್ದು.

ಮರುದಿನ ಎಣಿಕೆ. ಅಧಿಕಾರಿಯ ಪಾತ್ರದ ನಟ ಕ್ಯಾಮೆರಾದ ಮುಂದೆಯೇ ಸೀಲು ಒಡೆದ. ಒಂದೊಂದೇ ಚೀಟಿ ತೆಗೆದು ಕೂಗಬೇಕು, ಒಮ್ಮೆ ಇವರು ಮುಂದೆ, ಒಮ್ಮೆ ಅವರು ಮುಂದೆ, ಉಸಿರು ಬಿಗಿಹಿಡಿಯುವ ದೃಶ್ಯ.

"ಹೊಲಿಗೆ ಯಂತ್ರ." ನಾಯಕಿ ಕಣ್ಣರಳಿಸಿದಳು. "ಹೊಲಿಗೆ ಯಂತ್ರ." ಎದುರಾಳಿ ನಟಿ ಹುಬ್ಬು ಗಂಟಿಕ್ಕಿದಳು. "ಹೊಲಿಗೆ ಯಂತ್ರ. ಹೊಲಿಗೆ ಯಂತ್ರ. ಹೊಲಿಗೆ..." ಅಧಿಕಾರಿ ನಿರ್ದೇಶಕನ ಕಡೆ ನೋಡಿದ. ನಿರ್ದೇಶಕ ಮುಂದುವರಿಸು ಎಂದು ಕೈಸನ್ನೆ ಮಾಡಿದ. ಪೆಟ್ಟಿಗೆ ಅಲುಗಾಡಿಸಿ ತಳದಿಂದ ತೆಗೆದರೂ ಹೊಲಿಗೆ ಯಂತ್ರವೇ.

"ಕಟ್! ಬಕೆಟ್ ಎಲ್ಲಿ? ಯಾರೂ ಬಕೆಟ್ಟಿಗೆ ಒತ್ತಿಲ್ವಾ?"

ಊರಿನವರೆಲ್ಲ ಮಾಡಿನ ಕಡೆ ನೋಡತೊಡಗಿದರು. ಕಡೆಗೆ ಒಬ್ಬ ಮುದುಕಿ ಬಾಯಿಬಿಟ್ಟಳು. "ಆವಾಗ ಅವರ ಆಳು ಬಾಗಲದಾಗ ನಿಂತಿದ್ದಪಾ. ಯಜಮಾನ್ರು ಬೈದಿದ್ರು. ಅಂಜಿದ್ವಿ. ಇಕಿ ಹೊಲದ ಜಂಪರ್ ಹಾಕ್ಕೊಂಡು ಹೋಗಿ ಬಕೆಟ್ಟಿಗಿ ಒತ್ತಿ ಬಂದ್ವಿ. ಅವತ್ತಿಂದ ಇಕಿ ಮನಿಗಿ ಹೆಪ್ಪಿಗಿ ಹೋದ್ರ ಮಾರಿ ಎತ್ತಾಕ ಆಗಿಲ್ಲ. ನಿನ್ನಿ ಬಾಗಲದಾಗ ಯಾರೂ ಇರಲಿಲ್ಲ. ಹಾಕಿದ್ವಿ."

ಅತ್ತಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. ಅಷ್ಟು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿ ನಿಂತಿದ್ದ ಟಂಟಂ ಖಾಲಿಯಾಗಿ ಹೋಗುವುದನ್ನು ನಾನು ಕಣ್ಣಾರೆ ನೋಡಿದೆ.

ಅಷ್ಟರಲ್ಲಿ ಅಧಿಕಾರಿ ಕೊನೆಯ ಚೀಟಿ ಬಿಡಿಸಿ ಕೂಗಿದ: "ಬಕೆಟ್!"

ಕಳ್ಳ ಸಿಕ್ಕಿಬಿದ್ದಂತೆ ಊರೆಲ್ಲ ಎದ್ದು ನಿಂತಿತು. "ಯಾವಾಕಿನ ಆಕಿ?" "ನಾ ಅಲ್ಲವಾ!" "ನನ್ನ ಮಕ್ಕಳಾಣಿ ನಾ ಅಲ್ಲ!" ಆ ಒಂದು ಓಟಿನಿಂದ ದೊಡ್ಡ ಗದ್ದಲ. ನಿರ್ದೇಶಕನಿಗೆ ಬೇರೆಯದೇ ಚಿಂತೆ. ಕತೆಯಲ್ಲಿ ಅತ್ತಿ ಸೋಲಬೇಕು. ಹೊಸ ಚೀಟಿ ಹಂಚಿ, ಅರ್ಧ ಜನ ಬಕೆಟ್ಟಿಗೆ ಒತ್ತಿ ಎಂದು ಬೇಡಿಕೊಂಡ. ಒಬ್ಬರೂ ಮುದ್ರೆ ಮುಟ್ಟಲಿಲ್ಲ. "ಒಮ್ಮಿ ಮಾಡಿದ್ದ ಸಾಕಾಗೈತ್ರಿ" ಅಂದರು.

ಕೊನೆಗೆ ಅತ್ತಿಯೇ ಎದ್ದರು. ಒಬ್ಬೊಬ್ಬರ ಪಕ್ಕ ಕೂತರು. ಒಬ್ಬಳಿಗೆ ಮಗಳ ಬಾಣಂತನ ವಿಚಾರಿಸಿದರು, ಇನ್ನೊಬ್ಬಳಿಗೆ ಎಮ್ಮೆ ವಿಚಾರಿಸಿದರು. ಏಳುವಾಗ ಹೊರಳಿ ನಿಂತು, "ಮತ್ತ... ನೆನಪಿರ್ಲಿ. ಬಕೆಟ್," ಅಂದರು. ತನ್ನನ್ನು ಸೋಲಿಸಿರೆಂದು ಇಷ್ಟು ಚೆನ್ನಾಗಿ ಪ್ರಚಾರ ಮಾಡಿದ ಅಭ್ಯರ್ಥಿಯನ್ನು ನಾನು ನೋಡಿಲ್ಲ. ಒಂದು ಟಂಟಂ ಓಟಿನಿಂದ ಸರಿಯಾಗಿ ಸೋತರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರೂ ಅವರೇ.

ಕೆಲಸ ಮುಗಿದು ಚಹಾಕ್ಕೆ ಕೂತೆವು. ಅತ್ತಿ, ಎದುರು ಮನೆಯಾಕೆ, ನಾನು, ಪಕ್ಕದಲ್ಲಿ ನೆಲದ ಮೇಲೆ ಸುಸ್ತಾದ ನಿರ್ದೇಶಕ.

ಎದುರು ಮನೆಯಾಕೆ ದನಿ ತಗ್ಗಿಸಿದರು. "ಅಕ್ಕಾ, ನಿನ್ನಿ ಆ ಬಕೆಟ್ಟಿಂದು ಒಂದ ಓಟು. ನೀನ ಹೌದಿಲ್ಲೋ?"

ಅತ್ತಿ ಬಸಿಯಲ್ಲಿ ಚಹಾ ಆರಿಸಿಕೊಂಡರು. "ನನಗ ನಾನ ಹೆಂಗ್ ಒತ್ತಿಕೊಳ್ಳಲಿ ತಂಗಿ? ಬಡಸಾಕ ನಿಂತಾಕಿ ಮದಲ ತನ್ನ ಗಂಗಾಳಕ್ಕ ಹಾಕ್ಕೊಂಡಂಗ ಆಕ್ಕೈತಿ. ಕೈ ಏಳಲಿಲ್ಲ."

"ಆವಾಗನೂ?"

"ಆವಾಗನೂ. ನಿನ್ನ ಗುರುತು ಮಗ್ಗಲದಾಗ ಇತ್ತು. ಒತ್ತಿ ಬಂದೆ."

ನಾನು ಲೋಟ ಕೆಳಗಿಟ್ಟೆ. ಇಷ್ಟು ವರ್ಷ ಊರನ್ನೆಲ್ಲ ಅನುಮಾನಿಸಿದ ನಮ್ಮತ್ತಿಯೇ ಆ ಟಂಟಂನ ಮುಂದಿನ ಸೀಟಿನಲ್ಲಿ ಕೂತಿದ್ದರು!

ಎದುರು ಮನೆಯಾಕೆಗೆ ನಗು ಶುರುವಾಯಿತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. "ಹಂಗಾರ ಲೆಕ್ಕ ಚುಕ್ತಾ ಆತಕ್ಕಾ. ನನಗೂ ಕೈ ಏಳಲಿಲ್ಲ. ಆವಾಗ ನನ್ನ ಓಟು ಹೊಲಿಗಿ ಯಂತ್ರಕ್ಕ!"

ಇಬ್ಬರೂ ಒಬ್ಬರ ಭುಜದ ಮೇಲೊಬ್ಬರು ಒರಗಿ ನಕ್ಕರು. ನಿರ್ದೇಶಕ ಎದ್ದು ಕೂತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು. "ಅಮ್ಮಾ, ಇದೇ ನನ್ನ ಸಿನಿಮಾದ ಕೊನೆ. ದಯವಿಟ್ಟು, ಇದನ್ನ ಹಾಕ್ಲಾ?"

ಎದುರು ಮನೆಯಾಕೆಯ ನಗು ಅಲ್ಲೇ ನಿಂತಿತು. ಅಂಗಳದ ಆ ತುದಿಯಲ್ಲಿ, ಮನೆಯಿಂದ ಹೊರಿಸಿಕೊಂಡು ಬಂದ ಕುರ್ಚಿಯಲ್ಲಿ ಕೂತು, ಯಾವ ಓಟು ಎಲ್ಲಿ ಬಿತ್ತೆಂದು ತಮಗೆ ಹೇಗೆ ಗೊತ್ತಿತ್ತು ಎನ್ನುವುದನ್ನು ಯಜಮಾನರು ಖಳನಟನಿಗೆ ವಿವರಿಸುತ್ತಿದ್ದರು.

"ಬ್ಯಾಡ್ರೀ ಸಾಹೇಬ್ರ," ಅಂದರು ಎದುರು ಮನೆಯಾಕೆ. "ನಮ್ಮನಿಯವರು ಇನ್ನಾ ಗಟ್ಟಿ ಅದಾರ!"